ಹರ್ಪಿಸ್ ಅಂತ ರಿಪೋರ್ಟ್ ಬಂದ ಮೇಲೆ: ಬಾಯಲ್ಲಿ ಕಾಣುವ ಪ್ರತಿ ಗುಳ್ಳೆಯೂ ಅದೇನಾ?

ರಿಪೋರ್ಟ್ ಬಂದಿದೆ, ಹರ್ಪಿಸ್ ಅಂತ ಬರೆದಿದೆ. ಅಲ್ಲಿಂದ ಶುರು. ಬೆಳಿಗ್ಗೆ ಎದ್ದ ತಕ್ಷಣ ಕನ್ನಡಿ ಮುಂದೆ ನಿಂತು ತುಟಿ ಮಗುಚಿ ನೋಡುವುದು, ನಾಲಿಗೆ ಎತ್ತಿ ಮೊಬೈಲ್ ಟಾರ್ಚ್ ಬಿಡುವುದು, ನಿನ್ನೆ ಕಾಣದ ಒಂದು ಚುಕ್ಕೆ ಇವತ್ತು ಕಂಡರೆ ಎದೆ ಧಸಕ್ ಅನ್ನುವುದು. ಆ ಚುಕ್ಕೆ ಎಷ್ಟೋ ವರ್ಷದಿಂದ ಅಲ್ಲೇ ಇತ್ತೇನೋ, ಇಷ್ಟು ಹತ್ತಿರದಿಂದ ನೀವು ನೋಡಿರಲಿಲ್ಲ ಅಷ್ಟೇ.

ಈ ಹೊತ್ತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿರುತ್ತವೆ. ಒಂದು, ಬಂದಿರುವ ರಿಪೋರ್ಟ್ ಎಷ್ಟು ಗಟ್ಟಿ. ಇನ್ನೊಂದು, ಬಾಯಲ್ಲಿ ಕಾಣುತ್ತಿರುವುದೂ ಅದೇನಾ. ಮೊದಲನೆಯದಕ್ಕೆ ಹೌದು ಅಂತ ಉತ್ತರ ಸಿಕ್ಕರೆ ಎರಡನೆಯದಕ್ಕೂ ಹೌದು ಅಂತ ನಾವೇ ಬರೆದುಕೊಂಡುಬಿಡುತ್ತೇವೆ. ಹಾಗೆ ಮಾಡಬೇಡಿ. ಎರಡನ್ನೂ ಬಿಡಿಸಿ, ಬೇರೆ ಬೇರೆ ಇಟ್ಟು ನೋಡೋಣ.

1. ಮೊದಲು ತುರ್ತಿನ ವಿಷಯ ಮುಗಿಸಿ

ಬಹುತೇಕರಿಗೆ ಇದು ಬೇಕಾಗುವುದಿಲ್ಲ, ಆದರೂ ಮೊದಲೇ ಓದಿಬಿಡಿ. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ನೋಡಲು ಆಗದಿದ್ದರೆ, ಕಣ್ಣಿನ ಹತ್ತಿರ ಗುಳ್ಳೆ ಎದ್ದಿದ್ದರೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿರುವ ಹಳೆಯ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಳ್ಳಲೇಬೇಡಿ, ಹರ್ಪಿಸ್ ಆಗಿದ್ದರೆ ಅದು ಕಣ್ಣನ್ನೇ ಹಾಳು ಮಾಡಬಹುದು. ಜ್ವರದ ಜೊತೆ ವಿಪರೀತ ತಲೆನೋವು, ಕುತ್ತಿಗೆ ಬಗ್ಗಿಸಲಾಗದಷ್ಟು ಬಿಗಿತ, ಮಾತು ಅಥವಾ ನಡವಳಿಕೆಯಲ್ಲಿ ಗೊಂದಲ ಕಂಡರೆ ನೇರ ಆಸ್ಪತ್ರೆಗೆ. ಬಾಯಿನೋವಿಗೆ ನೀರೂ ಕುಡಿಯಲಾಗದಿದ್ದರೆ, ಮೂತ್ರವೇ ಬರದಿದ್ದರೆ ಕಾಯಬೇಡಿ. ಕಿಮೋಥೆರಪಿ, ಅಂಗ ಕಸಿ, ಎಚ್‌ಐವಿ ಇಂಥ ಕಾರಣಕ್ಕೆ ರೋಗನಿರೋಧಕ ಶಕ್ತಿ ಕಡಿಮೆ ಇರುವವರು, ಎಸ್ಜಿಮಾ ಇದ್ದು ಅದರ ಮೇಲೆಲ್ಲ ಗುಳ್ಳೆ ಹರಡುತ್ತಿರುವವರು, ಗರ್ಭಿಣಿಯರು ಕೂಡ ಬೇಗ ವೈದ್ಯರನ್ನು ಕಾಣಬೇಕು.

ಇದ್ಯಾವುದೂ ಇಲ್ಲವಾ? ಹಾಗಾದರೆ ನಿಮಗೆ ಟೈಮ್ ಇದೆ. ಇವತ್ತೇ ಎಲ್ಲ ತೀರ್ಮಾನ ಆಗಬೇಕಾಗಿಲ್ಲ.

2. ರಿಪೋರ್ಟ್‌ನಲ್ಲಿ ಯಾವ ಪರೀಕ್ಷೆ ಅಂತ ಬರೆದಿದೆ, ಅದನ್ನು ಹುಡುಕಿ

"ಹರ್ಪಿಸ್ ಪಾಸಿಟಿವ್" ಅನ್ನುವ ಎರಡು ಪದ ಸಾಲುವುದಿಲ್ಲ. ಯಾವ ಪರೀಕ್ಷೆ, ಯಾವ ವೈರಸ್, ಎಷ್ಟು ಅಂಕಿ, ಈ ಮೂರೂ ಬೇಕು.

ಗುಳ್ಳೆಯಿಂದಲೇ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದು (ಇದೇ ಸ್ವ್ಯಾಬ್), ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ, ಹರ್ಪಿಸ್ ವೈರಸ್ಸಿನ ಎರಡು ಬಗೆಗಳಲ್ಲಿ ಒಂದಾದ ಎಚ್‌ಎಸ್‌ವಿ-1 ಅಥವಾ ಎಚ್‌ಎಸ್‌ವಿ-2 ಅಂತ ಬಂದಿದ್ದರೆ ಅದು ಗಟ್ಟಿ ಉತ್ತರ. ಯಾವ ಜಾಗದಿಂದ ತೆಗೆದರೋ ಆ ಜಾಗದಲ್ಲಿ ಆ ವೈರಸ್ ಇದೆ. ಆ ಬಗ್ಗೆ ಇನ್ನು ವಾದ ಬೇಡ.

ಐಜಿಜಿ ಅನ್ನುವ ರಕ್ತಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಿಮ್ಮ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಪ್ರತಿಕಾಯಗಳು ಕಾಣುವಷ್ಟಾಗಲು ಕೆಲವು ವಾರ ಬೇಕು, ಕೆಲವರಿಗೆ 12 ರಿಂದ 16 ವಾರ. ಹಾಗಾಗಿ ಹೋದ ವಾರದ ಲೈಂಗಿಕ ಸಂಪರ್ಕದಿಂದ ಏನಾಯಿತು ಅಂತ ಈ ವಾರದ ಐಜಿಜಿ ಹೇಳುವುದಿಲ್ಲ. ಈಗಲೇ ಪಾಸಿಟಿವ್ ಇದ್ದರೆ ವೈರಸ್ ಹಳೆಯದು ಅನ್ನುವ ಸಾಧ್ಯತೆಯೇ ಜಾಸ್ತಿ. ಚಿಕ್ಕವರಿದ್ದಾಗ ಯಾರೋ ನೆಂಟರು ಮುದ್ದು ಮಾಡಿದಾಗ ಬಂದಿರಬಹುದು, ಯಾರಿಗೆ ಗೊತ್ತು.

ಅಂಕಿಯನ್ನೂ ನೋಡಿ. ಎಚ್‌ಎಸ್‌ವಿ-2 ಐಜಿಜಿಯಲ್ಲಿ 1.1 ದಾಟಿದರೆ ಸಾಮಾನ್ಯವಾಗಿ ಪಾಸಿಟಿವ್ ಅಂತ ಬರೆಯುತ್ತಾರೆ. ಆದರೆ 3.0 ಕ್ಕಿಂತ ಕೆಳಗಿನ ಅಂಕಿಗಳಲ್ಲಿ ಸುಳ್ಳು ಪಾಸಿಟಿವ್ ಬರುವುದು ತುಂಬಾ. ನಿಮ್ಮದು 1.6 ಅಂತಲೋ 2.2 ಅಂತಲೋ ಇದ್ದು, ಮೈಮೇಲೆ ಯಾವತ್ತೂ ಏನೂ ಕಂಡಿಲ್ಲ ಅಂದರೆ ಆ ರಿಪೋರ್ಟ್ ಇಟ್ಟುಕೊಂಡು ಅಳುವ ಮೊದಲು ಬೇರೆ ವಿಧಾನದ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಲು ಸಾಧ್ಯವಾ ಅಂತ ವೈದ್ಯರನ್ನು ಕೇಳಿ. ವೆಸ್ಟರ್ನ್ ಬ್ಲಾಟ್ ಅನ್ನುವುದು ಅಂಥ ಒಂದು ಪರೀಕ್ಷೆ, ಎಲ್ಲ ಕಡೆ ಸಿಗುವುದಿಲ್ಲ.

ಐಜಿಎಂ (ಇದು ಇನ್ನೊಂದು ಬಗೆಯ ಪ್ರತಿಕಾಯ) ಪಾಸಿಟಿವ್ ಅಂತ ಮಾತ್ರ ಬಂದಿದ್ದರೆ? ನನ್ನ ಪ್ರಕಾರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಐಜಿಎಂ ಬಂದರೆ ಸೋಂಕು ಹೊಸದು ಅಂತ ಎಷ್ಟೋ ಜನ ಹೇಳುತ್ತಾರೆ, ಹರ್ಪಿಸ್ ವಿಷಯದಲ್ಲಿ ಅದು ನಿಲ್ಲುವ ಮಾತಲ್ಲ. ಹಳೆಯ ಸೋಂಕು ಮತ್ತೆ ಎದ್ದಾಗಲೂ ಅದು ಬರಬಹುದು, ಬೇರೆ ವೈರಸ್‌ಗೂ ತಪ್ಪಾಗಿ ಪಾಸಿಟಿವ್ ತೋರಿಸಬಹುದು. ಇದೊಂದು ರಿಪೋರ್ಟ್‌ನಿಂದ ಮುರಿದ ಸಂಬಂಧಗಳು ಕಡಿಮೆ ಇರಲಿಕ್ಕಿಲ್ಲ.

ಬಾಯಿಯ ಪ್ರಶ್ನೆಗೆ ಬಹಳ ಮುಖ್ಯವಾದ ಮಾತು ಒಂದಿದೆ. ರಕ್ತಪರೀಕ್ಷೆಗೆ ಜಾಗ ಗೊತ್ತಾಗುವುದಿಲ್ಲ. ಎಚ್‌ಎಸ್‌ವಿ-1 ಐಜಿಜಿ ಪಾಸಿಟಿವ್ ಅಂದರೆ ಬಾಯಲ್ಲೋ ಕೆಳಗೋ ಅಂತ ಅದು ಹೇಳಲಾರದು. ಎಚ್‌ಎಸ್‌ವಿ-2 ಆದರೆ ಬಹುಪಾಲು ಜನನಾಂಗದ ಕಡೆಯದೇ ಅಂತ ಊಹಿಸಬಹುದು.

ಇನ್ನೊಂದು ಗೊಂದಲ: ಸರ್ಪಸುತ್ತು. ಅದನ್ನೂ ಹರ್ಪಿಸ್ ಜೋಸ್ಟರ್ ಅನ್ನುತ್ತಾರೆ. ಅದು ಚಿಕನ್‌ಪಾಕ್ಸ್ ವೈರಸ್‌ನ ಕೆಲಸ, ಅದೇ ಬೇರೆ ಇದೇ ಬೇರೆ.

3. ಈ ವೈರಸ್ ಏನು ಮಾಡುತ್ತದೆ ಅಂತ ಒಂದು ಸಲ ತಿಳಿದುಕೊಳ್ಳಿ

ಜಾಸ್ತಿ ಓದಬೇಕಾಗಿಲ್ಲ, ಇಷ್ಟು ಸಾಕು. ವೈರಸ್ ಚರ್ಮ ಅಥವಾ ಬಾಯಿಯ ಒಳಪದರದ ಮೂಲಕ ಒಳಗೆ ಬರುತ್ತದೆ, ಅಲ್ಲಿಂದ ನರದ ದಾರಿ ಹಿಡಿದು ನರದ ಗಂಟಿನಲ್ಲಿ ಹೋಗಿ ಮಲಗುತ್ತದೆ. ಬಾಯಿಯಿಂದ ಬಂದಿದ್ದು ಮುಖದ ನರದ ಗಂಟಿನಲ್ಲಿ, ಜನನಾಂಗದಿಂದ ಬಂದಿದ್ದು ಬೆನ್ನಿನ ಕೆಳಭಾಗದ ಗಂಟಿನಲ್ಲಿ. ಮತ್ತೆ ಎದ್ದಾಗ ಅದೇ ನರದ ದಾರಿಯಲ್ಲಿ ವಾಪಸ್ ಬರುತ್ತದೆ. ಕೆಳಗಿನ ಗಂಟಿನಲ್ಲಿ ಇರುವುದು ಮೈಯೊಳಗೇ ಹತ್ತಿ ತುಟಿಗೆ ಬರುವುದಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ಸೋಂಕು ತಗುಲಿದ ಮೇಲೆ ಮೊದಲ ಲಕ್ಷಣ ಕಾಣುವುದು ಸಾಮಾನ್ಯವಾಗಿ 2 ರಿಂದ 12 ದಿನದೊಳಗೆ. ಎಷ್ಟೋ ಜನರಿಗೆ ಏನೂ ಕಾಣುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಿಗೆ, ಅಂದರೆ ನೂರಕ್ಕೆ 64 ಮಂದಿಗೆ, ಎಚ್‌ಎಸ್‌ವಿ-1 ಇದೆ. 15 ರಿಂದ 49 ವಯಸ್ಸಿನವರಲ್ಲಿ ಸುಮಾರು 52 ಕೋಟಿ ಜನರಿಗೆ ಎಚ್‌ಎಸ್‌ವಿ-2. ಅವರಲ್ಲಿ ಹೆಚ್ಚಿನವರಿಗೆ ತಮಗಿದೆ ಅಂತಲೇ ಗೊತ್ತಿಲ್ಲ. ನಿಮಗೆ ಗೊತ್ತಾಯಿತು, ಅಷ್ಟು ವ್ಯತ್ಯಾಸ.

4. ಬಾಯಲ್ಲಿ ಕಂಡಿದ್ದನ್ನು ಹೀಗೆ ನೋಡಿ: ಎಲ್ಲಿ, ಹೇಗೆ ಶುರುವಾಯಿತು, ಎಷ್ಟು ದಿನ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಹೆಚ್ಚಿನ ಒದ್ದಾಟ ಇಲ್ಲೇ.

ಮೊದಲು ಜಾಗ. ಹಳೆಯ ಹರ್ಪಿಸ್ ಮತ್ತೆ ಎದ್ದಾಗ ಅದಕ್ಕೆ ಇಷ್ಟವಾದ ಜಾಗ ತುಟಿಯ ಅಂಚು, ಅಂದರೆ ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆ. ಮೂಗಿನ ಕೆಳಗೆ, ಗಲ್ಲದ ಮೇಲೂ ಬರಬಹುದು. ಬಾಯೊಳಗೆ ಬಂದರೆ ಗಟ್ಟಿ ಜಾಗದಲ್ಲಿ ಬರುತ್ತದೆ. ಅಂಗುಳಿನ ಮುಂಭಾಗ, ಹಲ್ಲಿಗೆ ಅಂಟಿಕೊಂಡಿರುವ ವಸಡು, ಇಂಥ ಕಡೆ. ಕೆನ್ನೆಯ ಒಳಗೆ, ತುಟಿಯ ಒಳಭಾಗದಲ್ಲಿ, ನಾಲಿಗೆಯ ಕೆಳಗೆ, ಅಂದರೆ ಮೆತ್ತಗೆ ಅಲ್ಲಾಡುವ ಜಾಗದಲ್ಲಿ ಒಂದೋ ಎರಡೋ ಹುಣ್ಣಾಗಿ, ನಡುವೆ ಬಿಳಿ ಅಥವಾ ಹಳದಿ, ಸುತ್ತ ಕೆಂಪು ಉಂಗುರ ಕಂಡರೆ ಅದು ಬಹುಮಟ್ಟಿಗೆ ಮಾಮೂಲಿ ಬಾಯಿಹುಣ್ಣು. ಅದು ಅಂಟುವುದಿಲ್ಲ, ಹರ್ಪಿಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಶುರುವಾದ ರೀತಿ. ತುಟಿಯ ಹರ್ಪಿಸ್ ಸಾಮಾನ್ಯವಾಗಿ ಹೇಳಿಯೇ ಬರುತ್ತದೆ. ಒಂದೇ ಜಾಗದಲ್ಲಿ ಜುಮ್ಮೆನ್ನುವುದು, ಉರಿ, ತುರಿಕೆ, ಕೆಲವು ಗಂಟೆಯಿಂದ ಒಂದು ದಿನ. ನಂತರ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಒಡೆಯುತ್ತವೆ, ಒದ್ದೆ ಹುಣ್ಣಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ. ಒಟ್ಟು 7 ರಿಂದ 10 ದಿನ. ಬಾಯೊಳಗೆ ಮಾತ್ರ ಹಕ್ಕಳೆ ಕಟ್ಟುವುದಿಲ್ಲ, ಗುಳ್ಳೆ ಬೇಗ ಒಡೆದು ಸೂಜಿಮೊನೆಯಷ್ಟು ಸಣ್ಣ ಹುಣ್ಣುಗಳು ಗುಂಪಾಗಿ ಕಾಣುತ್ತವೆ. ಹೀಗೆ ಹಂತ ಹಂತವಾಗಿ ಬದಲಾಗುವುದೇ ದೊಡ್ಡ ಸುಳಿವು. ಎರಡು ವಾರದಿಂದ ಒಂದೇ ರೀತಿ ಇರುವ ಬಿಳಿ ಚುಕ್ಕೆ ಹರ್ಪಿಸ್ ತರಹ ವರ್ತಿಸುತ್ತಿಲ್ಲ.

ಜೀವನದಲ್ಲಿ ಮೊದಲ ಸಲ ಬಾಯಿಗೆ ಬಂದಾಗ ಕಥೆ ಬೇರೆ. ಆಗ ಸುಮ್ನೆ ಒಂದು ಚುಕ್ಕೆ ಕಂಡು ಹೋಗುವುದು ಕಡಿಮೆ. ಒಂದೋ ಏನೂ ಗೊತ್ತಾಗುವುದಿಲ್ಲ, ಇಲ್ಲವೇ ಚೆನ್ನಾಗಿಯೇ ಗೊತ್ತಾಗುತ್ತದೆ: ಜ್ವರ, ಗಂಟಲುನೋವು, ದವಡೆ ಕೆಳಗೆ ಗಡ್ಡೆ ಊದಿ ಮುಟ್ಟಿದರೆ ನೋವು, ವಸಡೆಲ್ಲ ಕೆಂಪಾಗಿ ಊದಿಕೊಂಡು ರಕ್ತ ಜಿನುಗುವುದು, ಬಾಯಿ ತುಂಬ ಹುಣ್ಣು, ಗುಣವಾಗಲು ಎರಡು ವಾರ ಅಥವಾ ಇನ್ನೂ ಜಾಸ್ತಿ. ದೊಡ್ಡವರಲ್ಲಿ ಬರೀ ಗಂಟಲುನೋವಿನಂತೆಯೂ ಬರಬಹುದು, ಹಾಗಾಗಿ ಗಂಟಲಲ್ಲಿ ಕೀವಿನ ಚುಕ್ಕೆ ಕಂಡರೆ ಬ್ಯಾಕ್ಟೀರಿಯಾ ಸೋಂಕು ಕೂಡ ಇರಬಹುದು ಅಂತ ವೈದ್ಯರು ನೋಡುತ್ತಾರೆ.

ಈಗ, ಹರ್ಪಿಸ್ ಅಂತ ಜನ ಹೆದರುವ ಆದರೆ ಹರ್ಪಿಸ್ ಅಲ್ಲದ ವಸ್ತುಗಳ ಪಟ್ಟಿ ದೊಡ್ಡದಿದೆ. ತುಟಿಯ ಮೇಲೆ ಅಥವಾ ಕೆನ್ನೆಯೊಳಗೆ ನೋವಿಲ್ಲದ ಹಳದಿ ಮಿಶ್ರಿತ ಸಣ್ಣ ಸಣ್ಣ ಕಾಳುಗಳು, ಚರ್ಮ ಎಳೆದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಅವು ಫೋರ್ಡೈಸ್ ಕಲೆಗಳು, ಎಣ್ಣೆಗ್ರಂಥಿಗಳು, ಬಹಳ ಜನರಿಗೆ ಇರುತ್ತವೆ. ನಾಲಿಗೆಯ ತೀರಾ ಹಿಂದೆ ಸಾಲಾಗಿ ಕಾಣುವ ದೊಡ್ಡ ಉಬ್ಬುಗಳು ರುಚಿಯ ಮೊಗ್ಗುಗಳು ಇರುವ ಜಾಗ, ಅದು ಹುಟ್ಟಿನಿಂದಲೇ ಹಾಗೆ. ನಾಲಿಗೆ ತುದಿಯಲ್ಲಿ ಒಂದು ಉಬ್ಬು ಕೆಂಪಾಗಿ ಚುಚ್ಚಿದಂತಾಗಿ ಎರಡು ಮೂರು ದಿನದಲ್ಲಿ ಹೋಗುವುದೂ ಮಾಮೂಲಿ. ಕಟವಾಯಿ ಎರಡೂ ಕಡೆ ಒಡೆದು ಬಿರುಕು ಬಿಟ್ಟರೆ ಅದು ಜೊಲ್ಲಿನ ತೇವ, ಫಂಗಸ್, ಕಬ್ಬಿಣ ಅಥವಾ ಬಿ ವಿಟಮಿನ್ ಕೊರತೆಯಿಂದ ಇರಬಹುದು. ಹೊಸ ಲಿಪ್ ಬಾಮ್, ಹೊಸ ಟೂತ್‌ಪೇಸ್ಟ್ ಶುರು ಮಾಡಿದ ಮೇಲೆ ತುಟಿ ಇಡೀ ಉರಿದು ಸಿಪ್ಪೆ ಏಳುತ್ತಿದ್ದರೆ ಅಲರ್ಜಿ. ಮೀಸೆ ಕೂದಲಿನ ಬುಡದಲ್ಲಿ ಒಂದೇ ಕೀವುಗುಳ್ಳೆ ಇದ್ದರೆ ಮೊಡವೆ. ಒರೆಸಿದರೆ ಹೋಗುವ ಬಿಳಿ ಪದರ ಇದ್ದರೆ ಫಂಗಸ್ ಇರಬಹುದು, ಇನ್‌ಹೇಲರ್ ಬಳಸುವವರಿಗೆ ಇದು ಗೊತ್ತು.

ಎರಡು ಮಾತ್ರ ಮರೆಯಬೇಡಿ. ನೋವೇ ಇಲ್ಲದ, ಅಂಚು ಗಟ್ಟಿ ಇರುವ ಒಂಟಿ ಹುಣ್ಣು ಸಿಫಿಲಿಸ್ ಆಗಿರಬಹುದು, ಅದಕ್ಕೆ ರಕ್ತಪರೀಕ್ಷೆ ಇದೆ, ಪೂರ್ತಿ ಗುಣವಾಗುವ ಔಷಧವೂ ಇದೆ. ಇನ್ನು ಯಾವುದೇ ಹುಣ್ಣು ಮೂರು ವಾರ ದಾಟಿದರೂ ಮಾಯದಿದ್ದರೆ ಹರ್ಪಿಸ್ ಚಿಂತೆ ಬಿಟ್ಟು ದಂತವೈದ್ಯರಿಗೋ ಇಎನ್‌ಟಿ ವೈದ್ಯರಿಗೋ ತೋರಿಸಿ, ತಂಬಾಕು ಅಭ್ಯಾಸ ಇದ್ದರಂತೂ ಕಾಯಲೇಬೇಡಿ.

5. ಲೆಕ್ಕ ಹಾಕಿ: ನಿಮ್ಮ ವಿಷಯದಲ್ಲಿ ಬಾಯಿಗೆ ಬರುವ ಸಾಧ್ಯತೆ ಎಷ್ಟು

ನಿಮಗೆ ಜನನಾಂಗದಲ್ಲಿ ಎಚ್‌ಎಸ್‌ವಿ-2 ಖಚಿತವಾಗಿದ್ದರೆ ಸಮಾಧಾನದ ವಿಷಯ ಇದೆ. ಎಚ್‌ಎಸ್‌ವಿ-2 ಬಾಯಿಗೆ ತಗುಲಬಹುದಾದರೂ ಅಲ್ಲಿ ಮತ್ತೆ ಮತ್ತೆ ಏಳುವುದು ತೀರಾ ಅಪರೂಪ. ಬಾಯಲ್ಲಿ ಜುಮ್ಮೆನ್ನುವುದೂ ಚುಕ್ಕೆಗಳೂ ಅದರಿಂದ ಅಂತ ಹೇಳುವುದು ಕಷ್ಟ.

ಜನನಾಂಗದಲ್ಲಿ ಎಚ್‌ಎಸ್‌ವಿ-1 ಬಂದಿದ್ದರೆ ಬಹುಶಃ ಓರಲ್ ಸೆಕ್ಸ್‌ನಿಂದ, ಸಂಗಾತಿಯ ಬಾಯಿಯಿಂದ ಬಂದಿರುತ್ತದೆ. ಅದೇ ಹೊತ್ತಿಗೆ ಅದೇ ವ್ಯಕ್ತಿಗೆ ಮುತ್ತನ್ನೂ ಕೊಟ್ಟಿದ್ದರೆ ಎರಡೂ ಕಡೆ ಒಟ್ಟಿಗೆ ತಗುಲಿರಬಹುದು, ಹಾಗಾಗುವುದುಂಟು. ಆದರೆ ಪ್ರತಿಕಾಯಗಳು ಬೆಳೆದ ಮೇಲೆ, ಅಂದರೆ ಮೊದಲ ಕೆಲವು ತಿಂಗಳು ಕಳೆದ ಮೇಲೆ, ನಿಮ್ಮದೇ ಮೈಯ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹರಡುವುದು ಬಹಳ ಕಡಿಮೆ.

ಚಿಕ್ಕಂದಿನಿಂದ ಜ್ವರ ಬಂದಾಗೆಲ್ಲ ತುಟಿಯಲ್ಲಿ ಗುಳ್ಳೆ ಏಳುತ್ತಿತ್ತು ಅಂತ ನೆನಪಿದ್ದರೆ ಬಾಯಿಯ ಎಚ್‌ಎಸ್‌ವಿ-1 ನಿಮಗೆ ಮೊದಲೇ ಇತ್ತು. ಆಗ ಅದಕ್ಕೆ ಯಾರೂ ದೊಡ್ಡ ಹೆಸರು ಕೊಟ್ಟಿರಲಿಲ್ಲ, ನೀವೂ ನಿದ್ದೆಗೆಟ್ಟಿರಲಿಲ್ಲ, ಅಲ್ವಾ.

6. ಅನುಮಾನ ತೀರಬೇಕಾದರೆ ಸ್ವ್ಯಾಬ್, ಅದೂ ಸರಿಯಾದ ಹೊತ್ತಿಗೆ

ಬಾಯಿಯ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಹೊಸ ಗುಳ್ಳೆಯಿಂದ ತೆಗೆದ ಪಿಸಿಆರ್ ಸ್ವ್ಯಾಬ್ ಒಂದೇ. ಗುಳ್ಳೆ ಎದ್ದು ಒಂದೆರಡು ದಿನದೊಳಗೆ, ಹಕ್ಕಳೆ ಕಟ್ಟುವ ಮೊದಲು ತೆಗೆಸಿದರೆ ಉತ್ತರ ನಂಬಬಹುದು. ಒಣಗಿದ ಮೇಲೆ ತೆಗೆದ ಸ್ವ್ಯಾಬ್ ನೆಗೆಟಿವ್ ಬಂದರೆ ಏನೂ ತಿಳಿಯುವುದಿಲ್ಲ. ಗುಳ್ಳೆಯೇ ಇಲ್ಲದಾಗ ಸುಮ್ನೆ ಬಾಯಿ ಒರೆಸಿ ಕಳಿಸುವುದೂ ಅಷ್ಟೇ ದಂಡ.

ಹಾಗಾಗಿ ಈಗಲೇ ವೈದ್ಯರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ: "ಮುಂದೆ ಬಾಯಲ್ಲಿ ಗುಳ್ಳೆ ಎದ್ದರೆ ಅವತ್ತೇ ಬಂದು ಸ್ವ್ಯಾಬ್ ಕೊಡಬಹುದಾ? ಟೈಪ್ ಕೂಡ ಹೇಳುವ ಪಿಸಿಆರ್ ಇದೆಯಾ?" ಈ ಎರಡು ಪ್ರಶ್ನೆ ಸಾಕು. ಎದ್ದ ದಿನ ಅಪಾಯಿಂಟ್‌ಮೆಂಟ್ ಹುಡುಕಲು ಹೋದರೆ ಸಿಗುವಷ್ಟರಲ್ಲಿ ಅದು ಒಣಗಿರುತ್ತದೆ. ಒಂದು ಫೋಟೋ ಕೂಡ ತೆಗೆದಿಡಿ, ಹಗಲು ಬೆಳಕಿನಲ್ಲಿ, ಫೋಕಸ್ ಸರಿಯಾಗಿ.

7. ಕನ್ನಡಿಗೆ ಟೈಮ್‌ಟೇಬಲ್ ಹಾಕಿ

ಇದು ತಮಾಷೆಯ ಹಂತದಂತೆ ಕಾಣಬಹುದು. ನನಗೆ ಕೇಳಿದರೆ ಮಾತ್ರೆಯಷ್ಟೇ ಮುಖ್ಯ.

ಆತಂಕ ಬಾಯಲ್ಲಿ ನಿಜವಾದ ಲಕ್ಷಣಗಳನ್ನೇ ಹುಟ್ಟಿಸುತ್ತದೆ. ಬಾಯಿ ಒಣಗುತ್ತದೆ, ತುಟಿ ನೆಕ್ಕುತ್ತೀರಿ, ನೆಕ್ಕಿದ ತುಟಿ ಒಡೆದು ಉರಿಯುತ್ತದೆ. ಗೊತ್ತಿಲ್ಲದೆ ಕೆನ್ನೆ ಕಚ್ಚುತ್ತೀರಿ, ನಾಲಿಗೆಯನ್ನು ಹಲ್ಲಿಗೆ ಒತ್ತುತ್ತೀರಿ, ಅಲ್ಲಿ ಗಾಯ. ವೈರಸ್ ಸಾಯಲಿ ಅಂತ ಆಲ್ಕೋಹಾಲ್ ಇರುವ ಮೌತ್‌ವಾಶ್ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸುತ್ತೀರಿ, ಗಟ್ಟಿ ಬ್ರಷ್‌ನಲ್ಲಿ ನಾಲಿಗೆ ಉಜ್ಜುತ್ತೀರಿ, ಒಳಪದರ ಕಿತ್ತು ಮತ್ತೆ ಉರಿ. ಮರುದಿನ ಕನ್ನಡಿಯಲ್ಲಿ ಹೊಸ ಕೆಂಪು ಜಾಗ ಕಾಣುತ್ತದೆ, ಹರ್ಪಿಸ್ ಹರಡುತ್ತಿದೆ ಅನ್ನಿಸುತ್ತದೆ. ಈ ಸುತ್ತು ನಿಲ್ಲಿಸಬೇಕು.

ಮಾಡಬೇಕಾದ್ದು ಇಷ್ಟು. ವಾರಕ್ಕೆ ಒಂದು ಸಲ ಮಾತ್ರ ಬಾಯಿ ಪೂರ್ತಿ ನೋಡಿ. ನಡುವೆ ನೋವು ಅಥವಾ ಗುಳ್ಳೆ ಕೈಗೇ ತಾಕಿದರೆ ಮಾತ್ರ ನೋಡಬಹುದು. ಒಂದು ಪುಟದಲ್ಲಿ ತಾರೀಖು, ಜಾಗ, ಹೇಗಿದೆ, ಎಷ್ಟು ದಿನ ಇತ್ತು, ಆ ವಾರ ಜ್ವರ ಬಂದಿತ್ತಾ, ನಿದ್ದೆ ಕೆಟ್ಟಿತ್ತಾ, ಬಿಸಿಲಲ್ಲಿ ತಿರುಗಿದಿರಾ, ಮುಟ್ಟಿನ ಟೈಮಾ, ಇಷ್ಟು ಬರೆಯಿರಿ. ಎರಡು ಮೂರು ತಿಂಗಳಾದರೆ ಒಂದು ಚಿತ್ರ ಮೂಡುತ್ತದೆ. ಒಂದೇ ಜಾಗದಲ್ಲಿ, ಜುಮ್ಮೆಂದು ಶುರುವಾಗಿ, ಹತ್ತು ದಿನದಲ್ಲಿ ಹೋಗುವಂಥದ್ದು ಮತ್ತೆ ಬಂತಾ? ಅದು ಹರ್ಪಿಸ್ ಕಡೆ ಬೆರಳು ತೋರಿಸುತ್ತದೆ. ದಿನಕ್ಕೊಂದು ಜಾಗ, ದಿನಕ್ಕೊಂದು ರೂಪ ಆದರೆ ಅದು ಆ ಕಡೆಯದಲ್ಲ.

ಟೂತ್‌ಪೇಸ್ಟ್ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಇದ್ದು, ನಿಮಗೆ ಪದೇ ಪದೇ ಬಾಯಿಹುಣ್ಣು ಆಗುತ್ತಿದ್ದರೆ ಅದಿಲ್ಲದ ಪೇಸ್ಟ್ ಒಂದು ತಿಂಗಳು ಬಳಸಿ ನೋಡಿ. ಕೆಲವರಿಗೆ ಅಷ್ಟರಿಂದಲೇ ಹುಣ್ಣು ಕಡಿಮೆಯಾಗುತ್ತದೆ.

8. ಔಷಧ: ಬೇಗ ಶುರು ಮಾಡುವುದರಲ್ಲಿ ಎಲ್ಲ ಇದೆ

ಅಸೈಕ್ಲೋವಿರ್, ವಾಲಾಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್, ಈ ಮೂರು ಮಾತ್ರೆಗಳು ಬಳಕೆಯಲ್ಲಿವೆ. ಅಸೈಕ್ಲೋವಿರ್ ಬಂದಿದ್ದು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದ ಕೆಲಸದಿಂದ, ಅವರಿಗೆ 1988 ರಲ್ಲಿ ನೊಬೆಲ್ ಸಿಕ್ಕಿತು. ಅಂದರೆ ಇದು ದಶಕಗಳಿಂದ ಬಳಸಿ ಪಳಗಿದ ಔಷಧ, ಹೆದರಬೇಕಾಗಿಲ್ಲ. ವೈರಸ್ಸನ್ನು ಮೈಯಿಂದ ಪೂರ್ತಿ ಓಡಿಸುವ ಔಷಧ ಇನ್ನೂ ಇಲ್ಲ, ಹಾಗೆ ಹೇಳಿ ಮಾರುವವರಿಗೆ ದುಡ್ಡು ಕೊಡಬೇಡಿ.

ಮೊದಲ ಸಲದ ಸೋಂಕಿಗೆ ಸಾಮಾನ್ಯವಾಗಿ 7 ರಿಂದ 10 ದಿನದ ಕೋರ್ಸ್ ಕೊಡುತ್ತಾರೆ. ಆಮೇಲೆ ಎರಡು ದಾರಿ. ಒಂದು, ಎದ್ದಾಗ ಮಾತ್ರ ತಗೊಳ್ಳುವುದು. ಇದಕ್ಕೆ ಮಾತ್ರೆ ಮನೆಯಲ್ಲಿ ಮೊದಲೇ ಇರಬೇಕು, ಜುಮ್ಮೆಂದ ತಕ್ಷಣ ಅಥವಾ ಗುಳ್ಳೆ ಕಂಡ ಮೊದಲ ದಿನವೇ ಶುರು ಮಾಡಬೇಕು. ಮೂರನೇ ದಿನ ಶುರು ಮಾಡಿದರೆ ಹೆಚ್ಚು ಪ್ರಯೋಜನ ಇಲ್ಲ. ಇನ್ನೊಂದು, ದಿನಾ ಒಂದು ಕಡಿಮೆ ಡೋಸ್. ಪದೇ ಪದೇ ಏಳುವವರಿಗೆ, ಸಂಗಾತಿಗೆ ತಗುಲಬಾರದು ಅನ್ನುವವರಿಗೆ ಇದು. 2004 ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ದಿನಾ 500 ಮಿಲಿಗ್ರಾಂ ವಾಲಾಸೈಕ್ಲೋವಿರ್ ತಗೊಂಡವರಿಂದ ಸಂಗಾತಿಗೆ ಜನನಾಂಗದ ಎಚ್‌ಎಸ್‌ವಿ-2 ಹರಡುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಕಿಡ್ನಿ ತೊಂದರೆ ಇದ್ದರೆ ಡೋಸ್ ಬದಲಾಗುತ್ತದೆ, ವೈದ್ಯರಿಗೆ ಹೇಳಿ. ನೀರು ಚೆನ್ನಾಗಿ ಕುಡಿಯಿರಿ.

ತುಟಿಗೆ ಹಚ್ಚುವ ಕ್ರೀಮ್‌ನಿಂದ ಸಿಗುವ ಲಾಭ ಕಡಿಮೆ, ಮಾತ್ರೆಯೇ ಮೇಲು. ಆ್ಯಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡುವುದಿಲ್ಲ. ಲೈಸಿನ್ ಮಾತ್ರೆ, ಕಡಲೆಕಾಯಿ ಚಾಕೊಲೇಟ್ ಬಿಡುವುದು ಇವುಗಳಿಗೆ ಗಟ್ಟಿ ಆಧಾರ ಇಲ್ಲ. ತಿನ್ನಬೇಕು ಅನ್ನಿಸಿದರೆ ತಿನ್ನಿ.

ಬಾಯಿ ನೋಯುತ್ತಿರುವಾಗ ತಣ್ಣಗಿನ ಮೆತ್ತಗಿನ ಊಟ, ಉಪ್ಪು ಹುಳಿ ಖಾರ ಕಡಿಮೆ, ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದು, ಪ್ಯಾರಾಸಿಟಮಾಲ್. ಬಿಸಿಲಿಗೆ ತುಟಿಯಲ್ಲಿ ಏಳುವವರು ಎಸ್‌ಪಿಎಫ್ ಇರುವ ಲಿಪ್ ಬಾಮ್ ಹಚ್ಚಿ ಹೊರಗೆ ಹೋಗಿ. ಗುಳ್ಳೆ ಇರುವಾಗ ಹಲ್ಲು ಕ್ಲೀನಿಂಗ್ ಇದ್ದರೆ ಮುಂದೆ ಹಾಕಿ.

9. ಮನೆಯವರು, ಮುತ್ತು, ಸೆಕ್ಸ್

ಟಾಯ್ಲೆಟ್ ಸೀಟ್, ಈಜುಕೊಳ, ಹಾಸಿಗೆ, ಸೋಪಿನಿಂದ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡುವ ಶಿಕ್ಷೆ ನಿಮಗೆ ನೀವೇ ಕೊಟ್ಟುಕೊಳ್ಳಬೇಡಿ. ಹರಡುವುದು ಚರ್ಮಕ್ಕೆ ಚರ್ಮ ತಾಕಿದಾಗ, ಜೊಲ್ಲು ತಾಕಿದಾಗ. ತುಟಿಯಲ್ಲಿ ಗುಳ್ಳೆ ಇದ್ದರೆ ಜುಮ್ಮೆಂದ ಕ್ಷಣದಿಂದ ಹಕ್ಕಳೆ ಉದುರಿ ಚರ್ಮ ಸರಿಯಾಗುವ ತನಕ ಮುತ್ತು ಬೇಡ, ಓರಲ್ ಸೆಕ್ಸ್ ಬೇಡ. ಆ ದಿನಗಳಲ್ಲಿ ಲೋಟ, ಲಿಪ್ ಬಾಮ್, ರೇಜರ್ ಕೂಡ ಹಂಚಿಕೊಳ್ಳದಿದ್ದರೆ ಒಳ್ಳೆಯದು. ಗುಳ್ಳೆ ಮುಟ್ಟಿದರೆ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗಬಾರದು, ಕಾಂಟ್ಯಾಕ್ಟ್ ಲೆನ್ಸ್‌ಗೆ ಜೊಲ್ಲು ಯಾವತ್ತೂ ತಾಗಿಸಬಾರದು.

ಹಸುಗೂಸುಗಳ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ತುಟಿಯಲ್ಲಿ ಗುಳ್ಳೆ ಇರುವಾಗ ನವಜಾತ ಶಿಶುವಿಗೆ ಮುತ್ತು ಕೊಡಲೇಬಾರದು, ಅವಕ್ಕೆ ಪ್ರಾಣಕ್ಕೇ ಅಪಾಯ.

ಏನೂ ಕಾಣದ ದಿನಗಳಲ್ಲೂ ವೈರಸ್ ಆಗಾಗ ಚರ್ಮದ ಮೇಲೆ ಬರುತ್ತದೆ, ಅದಕ್ಕೇ ಇದು ಇಷ್ಟು ಜನರಿಗೆ ಇರುವುದು. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಕಾಂಡೋಮ್, ದಿನದ ಮಾತ್ರೆ, ಎದ್ದಾಗ ದೂರ ಇರುವುದು, ಮೂರೂ ಸೇರಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಸಂಗಾತಿಗೆ ಹೇಳುವುದು ಯಾವಾಗ? ರಿಪೋರ್ಟ್ ನಿಮಗೇ ಅರ್ಥವಾದ ಮೇಲೆ, ಆದರೆ ಮತ್ತೆ ಹತ್ತಿರವಾಗುವ ಮೊದಲು. ಹಾಸಿಗೆಯಲ್ಲಿ ಬೇಡ, ಜಗಳದ ನಡುವೆ ಬೇಡ. "ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು. ಪರೀಕ್ಷೆಯಲ್ಲಿ ನನಗೆ ಹರ್ಪಿಸ್ ಅಂತ ಬಂದಿದೆ. ತುಂಬಾ ಜನರಿಗೆ ಇರುತ್ತಂತೆ, ಎಷ್ಟೋ ವರ್ಷ ಗೊತ್ತೇ ಆಗಲ್ಲವಂತೆ. ಡಾಕ್ಟರ್ ಹತ್ತಿರ ಒಟ್ಟಿಗೆ ಹೋಗಿ ಕೇಳೋಣ" ಅಂದರೆ ಸಾಕು. ಅಳುತ್ತಾ ಕ್ಷಮೆ ಕೇಳಿಕೊಂಡು ಶುರು ಮಾಡಿದರೆ ಎದುರಿನವರಿಗೂ ಇದು ಅಪರಾಧ ಅನ್ನಿಸುತ್ತದೆ. ಹಾಗೇ, ಯಾರು ಯಾರಿಗೆ ಕೊಟ್ಟರು ಅನ್ನುವ ಲೆಕ್ಕ ಹೆಚ್ಚಿನ ಸಲ ಬಗೆಹರಿಯುವುದೇ ಇಲ್ಲ. ಮೊದಲ ಲಕ್ಷಣ ಸೋಂಕು ತಗುಲಿ ವರ್ಷಗಳಾದ ಮೇಲೂ ಕಾಣಬಹುದು. ಹತ್ತು ವರ್ಷದ ಸಂಸಾರದಲ್ಲಿ ಈಗ ಗುಳ್ಳೆ ಎದ್ದಿತು ಅಂದ ಮಾತ್ರಕ್ಕೆ ಯಾರೋ ಮೋಸ ಮಾಡಿದರು ಅಂತ ಅಲ್ಲ.

10. ರಾತ್ರಿ ಹನ್ನೊಂದರ ನಂತರದ ಹುಡುಕಾಟ

ಹೊತ್ತಲ್ಲದ ಹೊತ್ತಿನಲ್ಲಿ ಫೋಟೋ ಹುಡುಕುವುದನ್ನು ಬಿಡಿ. ನೆಟ್‌ನಲ್ಲಿ ಮೇಲೆ ಬರುವ ಚಿತ್ರಗಳು ತೀರಾ ಕೆಟ್ಟದಾಗಿ ಎದ್ದವು, ನಿಮ್ಮದು ಹಾಗಿರುವುದಿಲ್ಲ. ನಂಬುವ ಒಬ್ಬರಿಗಾದರೂ ಹೇಳಿ, ಹತ್ತು ಜನರಿಗೆ ಬೇಡ. ಜನನಾಂಗದ ಎಚ್‌ಎಸ್‌ವಿ-2 ಮೊದಲ ವರ್ಷ ನಾಲ್ಕೈದು ಸಲ ಏಳಬಹುದು, ಎಚ್‌ಎಸ್‌ವಿ-1 ಅಲ್ಲಿ ಅದಕ್ಕಿಂತ ಬಹಳ ಕಡಿಮೆ, ಎರಡೂ ವರ್ಷ ಕಳೆದಂತೆ ಇಳಿಯುತ್ತಾ ಹೋಗುತ್ತವೆ. ಈಗಿನ ವಾರಗಳೇ ಕಷ್ಟದವು. ಊಟ ಸೇರದೆ, ನಿದ್ದೆ ಬರದೆ ಎರಡು ವಾರ ದಾಟಿದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೂಡಲೇ ಕಾಣಿ. ಚರ್ಮದ ಕಾಯಿಲೆಗೆ ಮನೋವೈದ್ಯರಾ ಅಂತ ನಾಚಿಕೆ ಬೇಡ.

11. ಮುಂದಿನ ಭೇಟಿಗೆ ಹೋಗುವಾಗ

ರಿಪೋರ್ಟ್‌ನ ಪ್ರತಿ, ಬರೆದಿಟ್ಟ ಪುಟ, ಫೋಟೋ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಹೆಸರು ಕೈಯಲ್ಲಿರಲಿ. ಕೇಳಬೇಕಾದ್ದು: ಈ ಪರೀಕ್ಷೆ ಖಚಿತವಾ, ಇನ್ನೊಂದು ಬೇಕಾ? ಟೈಪ್ ಯಾವುದು? ಮನೆಯಲ್ಲಿ ಇಟ್ಟುಕೊಳ್ಳಲು ಮಾತ್ರೆ ಬರೆದುಕೊಡುತ್ತೀರಾ? ಬಾಯಿಗೆ ಎದ್ದರೆ ಸ್ವ್ಯಾಬ್‌ಗೆ ಎಲ್ಲಿಗೆ ಬರಬೇಕು? ಎಚ್‌ಐವಿ, ಸಿಫಿಲಿಸ್ ಮತ್ತು ಬೇರೆ ಲೈಂಗಿಕ ಸೋಂಕುಗಳ ಪರೀಕ್ಷೆಯನ್ನೂ ಇದೇ ಸಲ ಮಾಡಿಸಿಬಿಡಿ. ಎಚ್‌ಎಸ್‌ವಿ-2 ಇದ್ದರೆ ಎಚ್‌ಐವಿ ತಗುಲುವ ಸಾಧ್ಯತೆ ಹೆಚ್ಚು, ಅದಕ್ಕೇ ಇದನ್ನು ಮುಂದೆ ಹಾಕಬಾರದು. ಗರ್ಭಿಣಿ ಆಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಹೇಳಿ. ಹೆರಿಗೆ ಹತ್ತಿರವಾದಾಗ, 36 ನೇ ವಾರದಿಂದ, ಮಾತ್ರೆ ಶುರು ಮಾಡುವ ಕ್ರಮ ಇದೆ, ಹೆರಿಗೆ ನೋವಿನ ಹೊತ್ತಿಗೆ ಜನನಾಂಗದಲ್ಲಿ ಗುಳ್ಳೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ. ಹಳೆಯ ಸೋಂಕು ಇರುವ ತಾಯಂದಿರ ಮಕ್ಕಳಲ್ಲಿ ಬಹುತೇಕ ಎಲ್ಲರೂ ಆರೋಗ್ಯವಾಗಿಯೇ ಹುಟ್ಟುತ್ತಾರೆ.

ಮೂರ್ನಾಲ್ಕು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ ಬೇಕು ಅಂದರೆ ಅದರ ತಾರೀಖನ್ನು ಅಲ್ಲೇ ಬರೆಸಿಕೊಂಡು ಬನ್ನಿ. ಆ ತಾರೀಖಿನವರೆಗೆ ಪ್ರತಿ ವಾರ ಬೇರೆ ಬೇರೆ ಲ್ಯಾಬ್‌ಗೆ ಹೋಗಿ ರಕ್ತ ಕೊಡುವುದು ಬೇಡ.